ಒತ್ತದೇ ಬಿಟ್ಟ ಪೆಡಲ್

"ನಿಮ್ಮನ್ನ ಯಾರಾದ್ರೂ ಕೇಳಿದ್ರಾ?"

ಅವಳ ದನಿಗೆ ಕಾಂಪೌಂಡ್ ಮೇಲೆ ಮಲಗಿದ್ದ ಬೆಕ್ಕು ಕೂಡ ಎದ್ದು ಹೋಯಿತು. ಆದರೆ ಅವನು ಹೋಗಲಿಲ್ಲ!

ಕೆಳಗಿನ ಮನೆಗೆ ಹೊಸದಾಗಿ ಬಂದಿದ್ದ ಈಜು ಮೇಷ್ಟ್ರು. ಒದ್ದೆ ಕೂದಲು, ಹೆಗಲ ಮೇಲೆ ಟವೆಲ್, ತುಟಿಯಂಚಲ್ಲಿ ತಡೆದಿಟ್ಟ ನಗು.

"ಯಾರೂ ಕೇಳಲಿಲ್ಲ. ಆದ್ರೆ ನೀವು ಬೋಲ್ಟ್ ಬಿಚ್ತಾ ಇಲ್ಲ, ಇನ್ನೂ ಬಿಗಿ ಮಾಡ್ತಾ ಇದ್ದೀರಿ. ಅದನ್ನ ಹಿಂದಿನಿಂದ ಹಾಕಿರ್ತಾರೆ ನೋಡಿ, ಮುಂದೆ ಕೂತು ತಿರುಗಿಸಿದ್ರೆ ದಿಕ್ಕು ಉಲ್ಟಾ ಆಗುತ್ತೆ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಯಾಕೆಂದರೆ ಅವನು ಹೇಳಿದ್ದು ಸರಿಯಾಗಿತ್ತು!

ಅವಳು ಮನೆಯಲ್ಲೇ ಕೇಕ್ ಮಾಡಿ ಮಾರುವವಳು. ಬೀದಿಯವರಿಗೆಲ್ಲ 'ಕೇಕ್ ಹುಡುಗಿ'. ತನ್ನ ಪುಟ್ಟ ಕಾರಿನ ಬ್ರೇಕ್ ಕಿರುಚತೊಡಗಿದಾಗ, ಗ್ಯಾರೇಜಿಗೆ ಬಿಟ್ಟರೆ ವಾರ ಕಾಯಬೇಕೆಂದು ತಾನೇ ಪ್ಯಾಡ್ ಬದಲಿಸಲು ಕೂತಿದ್ದಳು. ಹಿಂದೆ ಒಮ್ಮೆ ಭಾವನ ಜೊತೆ ಕೂತು ಮಾಡಿದ್ದಳಲ್ಲ, ಏನು ಮಹಾ!

"ನನಗೆ ಗೊತ್ತು. ನೀವು ನಿಮ್ಮ ಕೆಲಸ ನೋಡ್ಕೊಳ್ಳಿ."

ಅವನ ನಗು ಮಾಯವಾಯಿತು. "ಸಾರಿ," ಎಂದು ಗೇಟಿನ ಕಡೆ ನಡೆದ.

ಸ್ಪ್ಯಾನರನ್ನು ಇನ್ನೊಂದು ಕಡೆಗೆ ಒತ್ತಿದಳು. ಟಕ್! ಬೋಲ್ಟ್ ಸಡಿಲವಾಯಿತು. 'ಛೇ... ಸುಮ್ಮನೆ ಬೈದೆನಲ್ಲ...'

ಆದರೆ ಹೊತ್ತಾಗಿತ್ತು. ಮೇಲೆ ಮೂರು ಅಂತಸ್ತಿನ ಕೇಕ್ ಕಾಯುತ್ತಿತ್ತು. ಹಳೆ ಪ್ಯಾಡ್ ತೆಗೆದಳು. ಅದನ್ನು ಅಮುಕಿ ಹಿಡಿಯುವ ಕಬ್ಬಿಣದ ಗುಂಡನ್ನು ಒಳಕ್ಕೆ ತಳ್ಳಿ ಹೊಸ ಪ್ಯಾಡ್ ಕೂರಿಸಿದಳು. ಪ್ಯಾಡುಗಳನ್ನು ಹಿಡಿದಿಡುವ ಕ್ಯಾಲಿಪರ್ ಮತ್ತೆ ಮುಚ್ಚಿ ಬೋಲ್ಟುಗಳನ್ನು ಮೈಭಾರ ಹಾಕಿ ಬಿಗಿದಳು. ಇನ್ನೊಂದು ಕಡೆಯದೂ ಮುಗಿಯಿತು. ಚಕ್ರ ಹಾಕಿ ಜಾಕ್ ಇಳಿಸಿದಳು. ಗಾಡಿ ಮೆಟ್ಟಿಲ ಬುಡಕ್ಕೆ ತಂದರೆ ಕೇಕ್ ಇಳಿಸಿಕೊಳ್ಳಬಹುದು.

ಕೂತಳು. ಸ್ಟಾರ್ಟ್ ಮಾಡಿದಳು. ರಿವರ್ಸ್ ಹಾಕಿದಳು. ಕನ್ನಡಿಯಲ್ಲಿ ಈಜು ಮೇಷ್ಟ್ರ ಟವೆಲ್ ಕಂಡಿತು. ಬ್ರೇಕ್ ಒತ್ತಿದಳು...

ಪೆಡಲ್ ಬೆಣ್ಣೆಯಲ್ಲಿಟ್ಟ ಚಾಕುವಿನಂತೆ ನೆಲಕ್ಕೆ ಇಳಿದುಹೋಯಿತು!

ಹ್ಯಾಂಡ್‌ಬ್ರೇಕ್ ಎಳೆಯುವಷ್ಟರಲ್ಲಿ ಅವನ ಕಾಲು ಬಂಪರಿಗೂ ಗೋಡೆಗೂ ನಡುವೆ ಸಿಕ್ಕಿತ್ತು.

* * *

"ಬೋಲ್ಟ್ ಸಡಿಲ ಬಿಟ್ಟಿದ್ನಾ ಭಾವ?" ಆಸ್ಪತ್ರೆಯಿಂದ ಬಂದವಳೇ ಕೇಳಿದಳು.

ಭಾವ ಕಾರು ನೋಡಿ ತಲೆಯಾಡಿಸಿದರು. "ಬೋಲ್ಟ್ ಗಟ್ಟಿ ಇದೆಯಮ್ಮ. ಹೊಸ ಪ್ಯಾಡ್ ಹಾಕಿದ ಮೇಲೆ ಗಾಡಿ ಕದಲಿಸೋ ಮುಂಚೆ ಪೆಡಲ್ ಒತ್ತಿ ಒತ್ತಿ ಬಿಡಬೇಕು, ಒಳಗೆ ತಳ್ಳಿದ ಗುಂಡು ಮುಂದೆ ಬಂದು ಪ್ಯಾಡ್ ಹಿಡಿಯೋಕೆ. ಅದನ್ನ... ಮರೆತ್ಯಾ?"

ಗೊತ್ತಿದ್ದ ವಿಷಯ! ಭಾವನೇ ಹೇಳಿಕೊಟ್ಟಿದ್ದು. ಅಷ್ಟಕ್ಕೆ ಒಬ್ಬ ಮನುಷ್ಯನ ಕಾಲು ಮುರಿದಿತ್ತು. ಅವನ ಈಜುಕೊಳದ ಮಕ್ಕಳಿಗೆ ಇನ್ನು ಬೇರೆ ಮೇಷ್ಟ್ರು ಬರಬೇಕಿತ್ತು.

ಅವಳು ಏನನ್ನೂ ಮುಚ್ಚಿಡಲಿಲ್ಲ. ಅವನ ಹಾಸಿಗೆಯ ಪಕ್ಕ ನಿಂತು ಹೇಳಿದಳು. "ತಪ್ಪು ನಂದೇ. ಸಿಟ್ಟಿನಲ್ಲಿದ್ದೆ, ಅವಸರದಲ್ಲಿದ್ದೆ. ಕ್ಷಮಿಸಿ ಅಂತ ಕೇಳೋಕೂ ಬಾಯಿ ಬರ್ತಿಲ್ಲ..."

ಅವನು ಏನೋ ಹೇಳಲು ಹೊರಟು, ನಿಲ್ಲಿಸಿ, ಮುಖ ತಿರುಗಿಸಿದ.

ಅಂದಿನಿಂದ ದಿನವೂ ಕೆಳಗಿಳಿದಳು. ಬಿಸಿ ಬ್ರೆಡ್ ತಂದಳು, ಔಷಧಿ ತಂದಳು, ಅವನು ಊರುಗೋಲು ಹಿಡಿದು ನಡೆಯುವಾಗ ಪಕ್ಕದಲ್ಲಿ ನಡೆದಳು. ಅವನ ಅಮ್ಮ ಮೊದಮೊದಲು ಬಾಗಿಲಲ್ಲೇ, "ಕೆಡವಿದೋಳೇ ಎತ್ತೋಕೂ ಬಂದ್ಲು!" ಎನ್ನುತ್ತಿದ್ದರು. ಆಮೇಲಾಮೇಲೆ ಅವಳು ಬರುವ ಹೊತ್ತಿಗೆ ಟೀಗೆ ನೀರಿಡತೊಡಗಿದರು.

ಅವನು ಕೊಳದ ಮಕ್ಕಳ ಚೇಷ್ಟೆ ಹೇಳುತ್ತಿದ್ದ. ಅವಳು ನಗುತ್ತಿದ್ದಳು. ನಗುತ್ತಲೇ ಕಾಲಿನ ಬಿಳಿ ಕಟ್ಟು ಕಣ್ಣಿಗೆ ಬೀಳುತ್ತಿತ್ತು. 'ನಗೋಕೆ ನನಗೇನು ಹಕ್ಕಿದೆ?' ಎನಿಸುತ್ತಿತ್ತು.

ಅದಕ್ಕಿಂತ ದೊಡ್ಡ ಪಾಪ ಇನ್ನೊಂದಿತ್ತು... ಆ ಕಟ್ಟು ಬಿಚ್ಚುವುದೇ ಬೇಡ ಎಂದು ಅವಳ ಮನಸ್ಸಿನ ಯಾವುದೋ ಮೂಲೆ ಬೇಡಿಕೊಳ್ಳುತ್ತಿತ್ತು!

ಕಟ್ಟು ಬಿಚ್ಚಿದ ಮಾರನೇ ದಿನ ಬಾಗಿಲು ತಟ್ಟಲು ಕೈಯೆತ್ತಿದವಳಿಗೆ ಒಳಗಿನ ಮಾತು ಕೇಳಿಸಿತು.

"ಅವಳು ಬರೋದು ಬೇಡ ಅಮ್ಮ. ಅವಳ ಮುಖ ನೋಡೋಕೆ ನನ್ನಿಂದ ಆಗ್ತಿಲ್ಲ."

ಬ್ರೆಡ್ಡನ್ನು ಹೊಸ್ತಿಲ ಮೇಲಿಟ್ಟು, ಸದ್ದಿಲ್ಲದೆ ಮೆಟ್ಟಿಲು ಹತ್ತಿದಳು.

* * *

ಆಮೇಲೆ ಅವಳು ಇಳಿಯಲಿಲ್ಲ. ಓವನ್ ಮುಂದೆ ನಿಂತು ಅತ್ತಳು. ಕೇಕ್ ಸೀದವು.

ಒಂದು ಸಂಜೆ ಮೆಟ್ಟಿಲ ಮೇಲೆ ಟಕ್... ಟಕ್... ಊರುಗೋಲಿನ ಸದ್ದು. ಬಾಗಿಲು ತೆರೆದು ನೋಡಿದರೆ, ಅರ್ಧ ಮೆಟ್ಟಿಲಲ್ಲಿ ಅವನು! ಬೆವತು, ಗೋಡೆಗೆ ಒರಗಿ ನಿಂತಿದ್ದ.

"ಅಯ್ಯೋ! ಯಾರ್ರೀ ಹತ್ತೋಕೆ ಹೇಳಿದ್ದು?" ಓಡಿ ಬಂದು ತೋಳು ಹಿಡಿದಳು.

"ಯಾರೂ ಹೇಳಲಿಲ್ಲ. ಯಾಕೆ ಬರೋದು ಬಿಟ್ರಿ?"

"ನನ್ನ ಮುಖ ನೋಡೋಕಾಗಲ್ಲ ಅಂದ್ರಲ್ಲ. ಕೇಳಿಸ್ಕೊಂಡೆ."

ಅವನು ಮೆಲ್ಲನೆ ಮೆಟ್ಟಿಲ ಮೇಲೆ ಕುಸಿದು ಕೂತ.

"ಹೌದು, ಅಂದೆ. ನಾಚಿಕೆಯಿಂದ ಅಂದೆ... ಆವತ್ತು ನಾನು ನಿಮ್ಮ ಕಾರಿನ ಹಿಂದೆ ಯಾಕೆ ನಿಂತಿದ್ದೆ ಅಂತ ನೀವು ಕೇಳಲೇ ಇಲ್ಲ."

ಅವಳು ಹಿಡಿದಿದ್ದ ತೋಳು ಬಿಟ್ಟಳು.

"ಗೇಟಿನ ತನಕ ಹೋದವನು ಸ್ವಲ್ಪ ಹೊತ್ತು ಬಿಟ್ಟು ವಾಪಸ್ ಬಂದೆ. ಸರಿಯಾಗಿ ಸಾರಿ ಕೇಳಬೇಕು ಅಂತ. ಮಾತು ಹುಡುಕ್ತಾ ನಿಂತಿದ್ದೆ. ನೀವು ಸ್ಟಾರ್ಟ್ ಮಾಡಿದ್ದು ಕೇಳಿಸ್ತು. ಪಕ್ಕಕ್ಕೆ ಸರೀಬಹುದಿತ್ತು. ಸರೀಲಿಲ್ಲ. ನಿಲ್ಲಿಸ್ತಾರೆ, ಇಳಿದು ಬಂದು ಬೈತಾರೆ, ಬೈಲಿ, ಆ ನೆಪದಲ್ಲಾದ್ರೂ ಮಾತಾಡ್ತಾರಲ್ಲ ಅಂತ..."

"ಹುಚ್ಚಾ ನಿಮಗೆ?" ಅವಳು ಚೀರಿದಳು. "ಏನಾದ್ರೂ ಹೆಚ್ಚುಕಮ್ಮಿ ಆಗಿದ್ರೆ? ನಾನು ದಿನಾ ಸಾಯ್ತಿದ್ದೆ! ಅದನ್ನ ನೋಡ್ತಾ ನೋಡ್ತಾ ಬಾಯಿ ಮುಚ್ಕೊಂಡು ಕೂತಿದ್ರಾ?"

"ಹೇಳಿದ್ರೆ ನೀವು ಬರೋದು ನಿಲ್ಲಿಸ್ತೀರಿ ಅನ್ನೋ ಭಯ." ಅವನ ಕಣ್ಣು ತುಂಬಿತು. "ನಿಮ್ಮ ಕಣ್ಣೀರನ್ನ ನನ್ನ ಸ್ವಾರ್ಥಕ್ಕೆ ಬಳಸ್ಕೊಂಡೆ. ಕಾಲಿನ ನೋವು ತಡ್ಕೊಂಡೆ, ಇದನ್ನ ತಡ್ಕೊಳ್ಳೋಕೆ ಆಗಲಿಲ್ಲ."

ಅವಳಿಗೆ ಕೆನ್ನೆಗೆ ಬಾರಿಸಿಬಿಡಬೇಕು ಎನಿಸಿತು. ತಬ್ಬಿ ಅಳಬೇಕು ಎಂದೂ ಎನಿಸಿತು. ಎರಡನ್ನೂ ಮಾಡದೆ ಪಕ್ಕದಲ್ಲಿ ಕೂತಳು.

"ಪೆಡಲ್ ಒತ್ತದೇ ಬಿಟ್ಟಿದ್ದು ನಾನು," ಎಂದಳು ಕೊನೆಗೆ. "ಅದನ್ನ ನಿಮ್ಮ ತಲೆ ಮೇಲೆ ಹಾಕ್ಕೋಬೇಡಿ. ಅದು ನಂದೇ."

"ಹಾಕ್ಕೊಳ್ಳಲ್ಲ. ಸುಮ್ಮನಿದ್ದದ್ದು ಮಾತ್ರ ನಂದು."

"ಅದಕ್ಕೆ ಸಿಟ್ಟು ಇನ್ನೂ ಸುಮಾರು ದಿನ ಇರುತ್ತೆ."

"ಇರಲಿ."

ಕೆಳಗಿಂದ ಅಮ್ಮನ ದನಿ ಬಂತು. "ಟೀ ಆರಿ ಹೋಗ್ತಿದೆ! ಇಬ್ಬರಲ್ಲಿ ಯಾರು ಯಾರನ್ನ ಇಳಿಸ್ತೀರಿ?"

ಅವಳಿಗೆ ನಗು ತಡೆಯಲಾಗಲಿಲ್ಲ. ಎಷ್ಟೋ ದಿನಗಳ ಮೇಲೆ, ನಕ್ಕಿದ್ದಕ್ಕೆ ಮನಸ್ಸು ಚುಚ್ಚಲಿಲ್ಲ.

"ನಾಳೆಯಿಂದ ತಪ್ಪು ಮಾಡಿದೆ ಅಂತ ಬರಲ್ಲ ನಾನು," ಎಂದಳು.

ಅವನ ಮುಖ ಬಾಡಿತು. "ಮತ್ತೆ...?"

"ಬರಬೇಕು ಅನ್ಸುತ್ತೆ, ಅದಕ್ಕೆ ಬರ್ತೀನಿ." ಎದ್ದು ಕೈ ಚಾಚಿದಳು. "ಏಳಿ, ಅಮ್ಮ ಕಾಯ್ತಿದ್ದಾರೆ."

ಅವನು ಆ ಕೈ ಹಿಡಿದ. ಏಳಲಿಲ್ಲ.

"ಸ್ವಲ್ಪ ಹೊತ್ತು ಕೂತ್ಕೋ..." ಎಂದ, ಮೊದಲ ಸಲ ಏಕವಚನದಲ್ಲಿ.

"ಸರಿ," ಎಂದಳು. "ನೀನೂ ಸ್ವಲ್ಪ ಪಕ್ಕಕ್ಕೆ ಸರಿ, ನನಗೆ ಜಾಗ ಸಾಲ್ತಿಲ್ಲ."