ಬೇರುಜರಡಿ

ಬೇರುಜರಡಿ ಸದ್ದಿಲ್ಲದೆ ಕೆಲಸ ಮಾಡುತ್ತಿತ್ತು. ಕಡಲು ಏರಿ ಹೊಳೆಯೊಳಗೆ ನುಗ್ಗಿದ ಮೇಲೆ ಉಡುಪಿ ತೀರದ ಮಲ್ಲಿಗೆ ಗಿಡಗಳು ಎಲೆಯಂಚು ಸುಟ್ಟು ಸಾಯತೊಡಗಿದ್ದವು. ವಿಜ್ಞಾನಿ ಸ್ವರೂಪಾ ರೂಪಿಸಿದ ಈ ತೆಳುಬಲೆಯನ್ನು ಗಿಡದ ಬುಡದಲ್ಲಿ ಹೂಳಿದರೆ, ಅದು ಸೌರವಿದ್ಯುತ್ತಿನಿಂದ ಉಪ್ಪುನೀರನ್ನು ಸೋಸಿ ಸಿಹಿನೀರನ್ನಷ್ಟೇ ಬೇರಿಗೆ ಬಿಡುತ್ತಿತ್ತು. ತಡೆದ ಉಪ್ಪನ್ನು ಮಣ್ಣಿನ ಆಳಕ್ಕೆ ತಳ್ಳುತ್ತಿತ್ತು.

ಯಶವಂತಿಯ ಅಂಗಳದಲ್ಲಿ ಎರಡನೆಯ ವರ್ಷವೂ ಗಿಡಗಳು ಮೊಗ್ಗು ತುಂಬಿಕೊಂಡು ನಿಂತಿದ್ದವು.

"ಹೊಳೆ ನೀರಲ್ಲಿ ಇಷ್ಟು ಹೂವಾ ಅಂತ ಎಲ್ಲರೂ ಕೇಳ್ತಾರೆ ಮೇಡಂ," ಎಂದಳು ಯಶವಂತಿ, ಗಿಡ ನೋಡಲು ಬಂದ ಸ್ವರೂಪಾಳಿಗೆ. "ಬನ್ನಿ, ಗಂಜಿ ಕುಡಿದು ಹೋಗಿ. ಸಪ್ಪೆ, ಆಯ್ತಾ? ಅತ್ತೆಗೆ ಕಿಡ್ನಿ ತೊಂದರೆ. ಆರು ತಿಂಗಳಿಂದ ಮನೆಯ ಗಂಜಿಗೇ ಉಪ್ಪು ಹಾಕುವುದಿಲ್ಲ. ಆದ್ರೂ ಕಾಲಿನ ಬಾವು ಇಳಿಯುವುದಿಲ್ಲ ಮಾರಾಯ್ರೆ. ಹೀಗೇ ಇದ್ರೆ ಡಯಾಲಿಸಿಸ್ ಅಂತ ಹೇಳಿದ್ದಾರೆ ಡಾಕ್ಟ್ರು."

ಒಳಗೆ ಅತ್ತೆ ವಾರಿಜ ಬಟ್ಟಲು ಹಿಡಿದು ಕೂತಿದ್ದರು. "ಬನ್ನಿ ಬನ್ನಿ. ಉಪ್ಪಿನಕಾಯಿ ನಿಮಗೆ, ಅದರ ಪರಿಮಳ ನನಗೆ," ಎಂದು ನಕ್ಕರು.

ಸ್ವರೂಪಾ ಒಂದು ಗುಟುಕು ಕುಡಿದಳು. ಕೈ ಅಲ್ಲೇ ನಿಂತಿತು.

"ಇದಕ್ಕೆ ಉಪ್ಪು ಹಾಕಿದ್ದೀರಾ?"

"ಇಲ್ಲ ಮೇಡಂ, ದೇವರಾಣೆ."

"ನೀರು?"

"ಬಾವಿದು. ಅಲ್ಲೇ, ಮಲ್ಲಿಗೆಯ ಆಚೆ."

ಬಾವಿ ದಿನಕ್ಕೆ ಇಷ್ಟಿಷ್ಟೇ ಕೆಟ್ಟಿತ್ತು. ಉಪ್ಪುಪ್ಪಾದ ಒಣಮೀನಿನ ಜೊತೆ ಉಣ್ಣುವ ಯಶವಂತಿಗೆ ಅದು ತಿಳಿದಿರಲಿಲ್ಲ. ಆಳಕ್ಕಿಳಿದ ಉಪ್ಪು ಮುಂದೆ ಎಲ್ಲಿಗೆ ಹೋಗುತ್ತದೆಂದು ಸ್ವರೂಪಾ ನೋಡಿರಲಿಲ್ಲ. ಹೂವನ್ನಷ್ಟೇ ನೋಡಿದ್ದಳು.

"ನನ್ನ ತಪ್ಪು," ಎಂದಳು. "ಬಲೆ ತಳ್ಳಿದ ಉಪ್ಪೆಲ್ಲ ನಿಮ್ಮ ಬಾವಿ ಸೇರಿದೆ. ಈ ನೀರು ಕುಡಿಯಬೇಡಿ. ಬಲೆಗಳನ್ನು ಇವತ್ತೇ ಕೀಳಿಸುತ್ತೇನೆ."

"ಕಿತ್ತರೆ ಗಿಡ?" ಎಂದಳು ಯಶವಂತಿ.

ಸ್ವರೂಪಾ ಬಾಗಿಲಾಚೆಯ ಮೊಗ್ಗುಗಳತ್ತ ನೋಡಿದಳು.

ವಾರಿಜ ಬಟ್ಟಲನ್ನು ಕೆಳಗಿಟ್ಟರು.

"ನನಗೆ ಗೊತ್ತಿತ್ತು, ಗಂಜಿಗೆ ರುಚಿ ಬಂದಿದೆ ಅಂತ. ಡಾಕ್ಟ್ರು ಕೇಳಿದಾಗೆಲ್ಲ ಉಪ್ಪಿಲ್ಲ ಅಂತ ಸುಳ್ಳು ಹೇಳಿದೆ. ಮುದುಕಿ ಪಾಪ ಅಂತ ಇವಳೇ ಗುಟ್ಟಲ್ಲಿ ಒಂದು ಚಿಟಿಕೆ ಹಾಕ್ತಾಳೆ ಅಂದ್ಕೊಂಡಿದ್ದೆ. ಬಾಯಿಬಿಟ್ರೆ ಇವಳಿಗೆ ಬೈಗಳು ಬೀಳ್ತದಲ್ಲ."

ಅವರು ಸೊಸೆಯ ಕಡೆ ತಿರುಗಿದರು.

"ಹಾಗಾದ್ರೆ ನೀನು ಹಾಕಿದ್ದಲ್ವಾ?"

ಆರು ತಿಂಗಳು ಒಂದು ಹರಳು ಉಪ್ಪೂ ಹಾಕದೆ ಅತ್ತೆಯ ಪಥ್ಯ ಕಾದವಳು, ತಪ್ಪು ಮಾಡಿ ಸಿಕ್ಕಿಬಿದ್ದವಳಂತೆ ತಲೆ ತಗ್ಗಿಸಿದಳು.