ಕೆಂಪು ಕಾರಿನ ಮೂರನೆಯ ಸೆನ್ಸರ್

ಸುದ್ದಿ ಮನೆಗೆ ಬಂದದ್ದು ಶನಿವಾರ ಬೆಳಿಗ್ಗೆ ಒಂಬತ್ತೂವರೆಗೆ. ಮೇಷ್ಟ್ರ ಹೆಂಡತಿ ಆಗ ಒಂದು ದಪ್ಪ ನಿಘಂಟಿನ ಬೆನ್ನು ಹೊಲಿಯುತ್ತ ಕೂತಿದ್ದಳು. ದಬ್ಬಣ ಅರ್ಧ ಇಳಿದಿತ್ತು. ಬಾಗಿಲಲ್ಲಿ ಇನ್‌ಸ್ಪೆಕ್ಟರು ಟೋಪಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದರು.

"ಅಮ್ಮಾ, ಕೆಂಪು ಕಾರು — ಎರಡೇ ಸೀಟಿನದು — ನಿಮ್ಮ ಮನೇದೇನಾ?"

"ಹೌದು. ಯಾಕೆ? ಮತ್ತೆ ನಿಂತುಹೋಯ್ತಾ?"

ನಿಂತುಹೋಗಿತ್ತು. ಮೇಲುಸೇತುವೆಯ ಏರಿನಲ್ಲಿ, ಬೆನ್ನ ಹಿಂದೆ ತುಂಬಿದ ಲಾರಿ ಬರುತ್ತಿದ್ದಾಗ, ಎಂಜಿನ್ ಒಮ್ಮೆಲೇ ಸತ್ತಿತ್ತು. ಲಾರಿಯವನು ಬ್ರೇಕ್ ಒತ್ತಿದ, ಜಾಗ ಸಾಲಲಿಲ್ಲ. ಕಾರಿನ ಹಿಂಭಾಗ ರಟ್ಟಿನಂತೆ ಮಡಿಚಿಕೊಂಡಿತು. ಮೇಷ್ಟ್ರು ಆಸ್ಪತ್ರೆಯವರೆಗೂ ಉಳಿಯಲಿಲ್ಲ.

ಅವರು ಪಾಠ ಹೇಳಿದ ಮೇಷ್ಟ್ರಲ್ಲ. ಮೂವತ್ತೈದು ವರ್ಷ ಪುಸ್ತಕಗಳಿಗೆ ಬೈಂಡು ಹಾಕಿದವರು. ಅರವತ್ತು ದಾಟಿದ ಮೇಲೆ ಹಳೆಯದೊಂದು ಸ್ಪೋರ್ಟ್ಸ್ ಕಾರು ಕೊಂಡರು. "ನರೆತ ಮೀಸೆಗೆ ಈಗ ಬಣ್ಣವಂತೆ" ಎಂದು ಬೀದಿಯವರು ನಕ್ಕರು. ಅವರೂ ನಕ್ಕರು. ಆದರೆ ಆ ಕಾರಿನ ಒಂದೊಂದು ತಿರುಪನ್ನೂ ಪುಸ್ತಕದ ಹಾಳೆಯಂತೆ ಎಣಿಸಿ, ಒರೆಸಿ, ಜೋಡಿಸಿದರು. ಅವರ ಕನ್ನಡಕದ ಕಾಲು, ಟಾರ್ಚಿನ ಕುತ್ತಿಗೆ, ಷೆಡ್ಡಿನ ಕೀಲಿ — ಎಲ್ಲಕ್ಕೂ ಮೇಣ ಹಚ್ಚಿದ ಕೆಂಪು ನೂಲೇ ಕಟ್ಟು.

ಪೊಲೀಸರ ವರದಿ ಸೋಮವಾರ ಬಂತು. ಎರಡೇ ಸಾಲು. ಮೃತರು ಮನೆಯಲ್ಲಿ ತಾವೇ ಬದಲಿಸಿದ ಎಂಜಿನ್ ಸೆನ್ಸರ್ ಕೆಲಸ ಮಾಡದೆ ಕಾರು ನಿಂತಿದೆ. ತಪ್ಪು ಮೃತರದೇ.

ಮಂಗಳವಾರ ಸಂಜೆ ಮೇಷ್ಟ್ರು ಸದಸ್ಯರಾಗಿದ್ದ ಕಾರು ಸಂಘದಲ್ಲಿ ಸಂತಾಪ ಸಭೆ. ಕಾರ್ಯದರ್ಶಿ ಎದ್ದು ನಿಂತರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಇಸ್ತ್ರಿ ಮಾಡಿದಂಥದೇ ಮಾತು.

"ಮೇಷ್ಟ್ರು ನನಗೆ ಗುರುಗಳ ಸಮಾನ. ಆದರೆ ಸತ್ಯ ಹೇಳಲೇಬೇಕು. ಮನೆಯಲ್ಲೇ ರಿಪೇರಿ ಮಾಡುವ ಹುಚ್ಚು ಅವರ ಪ್ರಾಣ ತೆಗೆಯಿತು. ಅವರ ಫೋಟೋ ಹಾಕಿ, ಬಾಗಿಲಲ್ಲಿ ಒಂದು ಫಲಕ ತೂಗುಹಾಕೋಣ. 'ಬಲ್ಲವರ ಕೈಗೆ ಕೊಡಿ' ಅಂತ. ನಾಲ್ಕು ಜನಕ್ಕೆ ಪಾಠವಾಗಲಿ."

ಚಪ್ಪಾಳೆ ಬಿತ್ತು. ಸಂತಾಪ ಸಭೆಯಲ್ಲಿ ಚಪ್ಪಾಳೆ! ಅದಾದ ಮೇಲೆ ಭಾನುವಾರದ ಕಾರು ಓಟದ ಬಹುಮಾನ ವಿತರಣೆಯೂ ನಡೆಯಿತು. ಸಾವಿನ ಮರುದಿನ ಒಂದು ನಿಮಿಷ ಮೌನ ನಿಂತು, ಎರಡನೇ ನಿಮಿಷಕ್ಕೆ ಓಟ ಶುರು ಮಾಡಿದ್ದರಂತೆ. ಮೊದಲ ಬಹುಮಾನ ಕಾರ್ಯದರ್ಶಿಗಳ ಬಿಳಿ ಕಾರಿಗೆ. ಹಿಂದಿನ ಸಾಲಿನಲ್ಲಿ ಯಾರೋ ಪಕ್ಕದವನ ಕಿವಿಯಲ್ಲಿ ಹೇಳಿದರು: "ಎರಡು ತಿಂಗಳಿಂದ ಕೆಮ್ಮುತಿದ್ದ ಕಾರು, ಮಾರಾಯ. ಅದಕ್ಕೆ ಯಾವ ಕಷಾಯ ಕುಡಿಸಿದರೋ!"

ಮೇಷ್ಟ್ರ ಹೆಂಡತಿಯ ಕಿವಿಗೆ ಅದು ಬಿದ್ದರೂ ಒಳಗೆ ಇಳಿಯಲಿಲ್ಲ. ಮೈಯೆಲ್ಲ ಉರಿಯುತ್ತಿತ್ತು. ಮನೆಗೆ ಬಂದವಳೇ ಅತ್ತಿಗೆಯ ಮುಂದೆ ಕುಸಿದಳು. ಅತ್ತಿಗೆ ಎಂದರೆ ಮೇಷ್ಟ್ರ ಅಕ್ಕ. ಅಂಚೆ ಇಲಾಖೆಯಲ್ಲಿ ಕಳುವಾದ ಪಾರ್ಸೆಲ್‌ಗಳನ್ನು ಹುಡುಕುತ್ತಲೇ ತಲೆ ನರೆಸಿಕೊಂಡ ಹೆಂಗಸು.

"ಅತ್ತಿಗೆ, ಅವರನ್ನ ಬೆದರುಗೊಂಬೆ ಥರ ಬಾಗಿಲಿಗೆ ತೂಗುಹಾಕ್ತಾರಂತೆ! ಸತ್ತವರಿಗೆ ಬಾಯಿಲ್ಲ ಅಂತ ಹೀಗಾ?"

"ಅವನಿಗೆ ಬಾಯಿಲ್ಲ. ನಮಗಿದೆ. ಕಣ್ಣು ಒರೆಸ್ಕೋ. ಬುಧವಾರ ಏನು ಮಾಡಿದ, ಒಂದೊಂದೇ ಹೇಳು."

ಆಕೆ ಹೇಳಿದಳು. ಕಾರಿಗೊಂದು ವಿಚಿತ್ರ ರೋಗವಿತ್ತು. ತಣ್ಣಗಿದ್ದಾಗ ಚೆನ್ನಾಗಿ ಓಡುತ್ತಿತ್ತು. ಇಪ್ಪತ್ತು ನಿಮಿಷ ಓಡಿ ಬಿಸಿಯಾದರೆ ಸಾಯುತ್ತಿತ್ತು. ಆರಿದ ಮೇಲೆ ಮತ್ತೆ ಬದುಕುತ್ತಿತ್ತು. ಗ್ಯಾರೇಜಿನ ಯಜಮಾನ ಎಂಜಿನ್ನನ್ನೇ ಇಳಿಸಬೇಕೆಂದ. ಮೇಷ್ಟ್ರು ಒಪ್ಪಲಿಲ್ಲ. ಎಂಜಿನ್ ತಿರುಗುವುದನ್ನು ಲೆಕ್ಕವಿಟ್ಟು ಹೇಳುವ ಬೆರಳುದ್ದದ ಸೆನ್ಸರ್ ಒಂದಿದೆ, ಬಿಸಿಗೆ ಅದರ ಬುದ್ಧಿ ಕೆಡುತ್ತದೆ, ಅಷ್ಟೇ ಎಂದರು. ಅದೇ ಯಜಮಾನನ ಮೂಲಕ ಹೊಸದನ್ನು ತರಿಸಲು ನಾಲ್ಕು ತಿಂಗಳು ಕಾದರು. ಬುಧವಾರ ಕಾರನ್ನು ಜಾಕಿಯ ಮೇಲೆ ಎತ್ತಿ, ಅಡಿಯಲ್ಲಿ ಮಲಗಿ, ತಾವೇ ಹಾಕಿದರು. ಟಾರ್ಚು ಹಿಡಿದವಳು ಹೆಂಡತಿ.

"ಹೊಸದು ಅಂತ ನಿನಗೆ ಹೇಗೆ ಗೊತ್ತು?"

"ಪೊಟ್ಟಣ ಕತ್ತರಿಸಿದ್ದೇ ನಾನು. ಅದಕ್ಕೊಂದು ಹಸಿರು ರಬ್ಬರ್ ಬಳೆ. ಮುಟ್ಟಿದರೆ ಎಣ್ಣೆಯಂಥ ನುಣುಪು."

"ಹಾಕಿದ ಮೇಲೆ ಓಡಿಸಿದನಾ?"

"ಗುರುವಾರ ಒಂದೂವರೆ ಗಂಟೆ. ನನ್ನನ್ನೂ ಕೂರಿಸಿಕೊಂಡು. ಒಂದು ಸಲವೂ ನಿಲ್ಲಲಿಲ್ಲ. 'ನಿನ್ನ ಬಾಯಿಯ ಹಾಗೇ ಆಯ್ತು ನೋಡು' ಅಂತ ಚೇಷ್ಟೆ ಬೇರೆ!" ಆಕೆ ನಗಲು ಹೋಗಿ ಅತ್ತಳು.

"ಬಿಚ್ಚಿದ ಹಳೇದು ಎಲ್ಲಿ?"

ಆಕೆ ಒಂದು ತಗಡಿನ ಡಬ್ಬಿ ತಂದಳು. ಒಳಗೆ ಕಾಗದದಲ್ಲಿ ಸುತ್ತಿ, ಕೆಂಪು ನೂಲಿನಲ್ಲಿ ಕಟ್ಟಿದ್ದ ಸೆನ್ಸರ್. ಮೇಲೆ ಮೇಷ್ಟ್ರ ದುಂಡು ಅಕ್ಷರ: 'ಬುಧವಾರ ಬಿಚ್ಚಿದ್ದು. ಬಿಸಿಯಾದರೆ ಸಾಯುತ್ತದೆ.'

ಮರುದಿನ ಬೆಳಿಗ್ಗೆ ಇಬ್ಬರೂ ಠಾಣೆಗೆ ಹೋದರು. ಇನ್‌ಸ್ಪೆಕ್ಟರು ಸಭ್ಯರೇ, ಆದರೆ ಅವಸರದವರು. ನಜ್ಜುಗುಜ್ಜಾದ ಕಾರಿನಿಂದ ಬಿಚ್ಚಿದ ಸೆನ್ಸರನ್ನು ಮೇಜಿನ ಮೇಲಿಟ್ಟರು. ಅದರ ರಬ್ಬರ್ ಕಪ್ಪಾಗಿ, ಸೀಳುಬಿಟ್ಟು, ಕಲ್ಲಿನಂತಾಗಿತ್ತು.

"ನೀವೇ ನೋಡಿ. ಹಳೇದನ್ನೇ ವಾಪಸ್ ಹಾಕಿದ್ದಾರೆ. ವಯಸ್ಸಾದವರು, ಮರೆವು."

ಅತ್ತಿಗೆ ಚೀಲದಿಂದ ಡಬ್ಬಿ ತೆಗೆದು ಪಕ್ಕದಲ್ಲಿಟ್ಟರು. "ಹಳೇದು ಇಲ್ಲಿದೆ, ಸ್ವಾಮಿ. ಹೊಸದಕ್ಕೆ ಹಸಿರು ಬಳೆ. ಹಾಗಾದ್ರೆ ನಿಮ್ಮ ಮೇಜಿನ ಮೇಲಿರೋ ಈ ಮೂರನೇದು ಯಾರ ಮನೆ ಕೂಸು?"

ಇನ್‌ಸ್ಪೆಕ್ಟರು ಅದನ್ನೂ ಇದನ್ನೂ ನೋಡಿದರು. ಕುರ್ಚಿ ಎಳೆದು ಕೂತರು.

"ಗ್ಯಾರೇಜಿನವನು ಹಳೇದನ್ನ ಹೊಸದು ಅಂತ ಮಾರಿರಬಹುದು."

"ನಾನು ಕಣ್ಣಾರೆ ನೋಡಿದೆ ಅಂತ ಶನಿವಾರವೇ ಹೇಳಿದ್ದೆ!" ಮೇಷ್ಟ್ರ ಹೆಂಡತಿಯ ದನಿ ಏರಿತು. "ಹೆಂಡತಿ ಮಾತು ಅಂತ ನೀವು ಬರೆದುಕೊಳ್ಳಲೇ ಇಲ್ಲ. ದಬ್ಬಣ ಹಿಡಿದ ಕಣ್ಣು ಇದು. ಹೊಸದು ಯಾವುದು, ಹಳೇದು ಯಾವುದು ಅಂತ ತಿಳಿಯಲ್ವಾ?"

ಇನ್‌ಸ್ಪೆಕ್ಟರು ಎದ್ದು ಕಾರು ತೋರಿಸಲು ಕರೆದೊಯ್ದರು.

ಠಾಣೆಯ ಹಿಂದಿನ ಅಂಗಳದಲ್ಲಿ ಕೆಂಪು ಕಾರು ಬಿದ್ದಿತ್ತು. ಆಕೆ ಮುಖ ತಿರುಗಿಸಿದಳು. ಅತ್ತಿಗೆ ಮಾತ್ರ ಸೀರೆ ಎತ್ತಿಕಟ್ಟಿ, ಬಗ್ಗಿ, ಬಹಳ ಹೊತ್ತು ನೋಡಿದರು. ಸೆನ್ಸರಿನ ವೈರು ಸೇರುವ ಜಾಗದಲ್ಲಿ ಕಪ್ಪು ಪ್ಲಾಸ್ಟಿಕ್ ಪಟ್ಟಿಯೊಂದು ಬಿಗಿದಿತ್ತು.

"ಇಂಥ ಪಟ್ಟಿ ನಿಮ್ಮ ಮನೇಲಿದೆಯಾ?"

"ಇಲ್ಲ. ಅವರಿಗೆ ಪ್ಲಾಸ್ಟಿಕ್ ಕಂಡರೆ ಆಗ್ತಿರಲಿಲ್ಲ."

ಅತ್ತಿಗೆ ಹೂಂ ಎಂದರು.

ಅಲ್ಲಿಂದ ಗ್ಯಾರೇಜು. ಯಜಮಾನ ಕೈಯೊರೆಸಿಕೊಳ್ಳುತ್ತ ಬಂದವನು ಮೊದಲ ಪ್ರಶ್ನೆಗೇ ಸಿಡಿದ.

"ನನ್ನ ತಲೆಗೆ ಕಟ್ಟಬೇಡಿ ತಾಯಿ! ಮುಚ್ಚಿದ ಪೊಟ್ಟಣ ಬಂತು, ಮುಚ್ಚಿದ ಪೊಟ್ಟಣ ಕೊಟ್ಟೆ."

"ನಿನಗೆ ಅವನ ಮೇಲೆ ಸಿಟ್ಟಿತ್ತಂತೆ?"

"ಇತ್ತು. ನಾನು ಎಂಜಿನ್ ಇಳಿಸಬೇಕು ಅಂದೆ. ಅವರು ಬೆರಳುದ್ದದ ಸಾಮಾನು ಹಾಕಿ ನನ್ನ ಅಂಗಡಿ ಮುಂದೆ ಮೂರು ಸುತ್ತು ಹೊಡೆದ್ರು. ಮುಖಕ್ಕೆ ಮಂಗಳಾರತಿ ಆದ ಹಾಗಾಯ್ತು. ಅದಕ್ಕೇಂತ ಕೊಲ್ತಾರಾ? ನಿಜ ಹೇಳ್ತೀನಿ, ಅಷ್ಟು ಶುದ್ಧ ಕೆಲಸ ನಾನೂ ಮಾಡಲ್ಲ."

"ಆಮೇಲೆ ಕಾರು ನಿನ್ನ ಕೈಗೆ ಬಂತಾ?"

"ದೇವರಾಣೆ, ಇಲ್ಲ."

ದಾರಿಯಲ್ಲಿ ಅತ್ತಿಗೆ ಕೇಳಿದರು: "ಗುರುವಾರ ಕಾರು ಚೆನ್ನಾಗಿತ್ತು. ಶನಿವಾರ ಸತ್ತಿತು. ನಡುವೆ ಷೆಡ್ಡಿನ ಕೀಲಿ ಯಾರ ಕೈಗೆ ಹೋಗಿತ್ತು?"

ಆಕೆಯ ಕಾಲು ಅಲ್ಲೇ ನಿಂತಿತು.

"ನಾನೇ... ನಾನೇ ಕೊಟ್ಟೆ, ಅತ್ತಿಗೆ. ಶುಕ್ರವಾರ ಅವರು ಗ್ರಂಥಾಲಯಕ್ಕೆ ಪುಸ್ತಕ ಕೊಡೋಕೆ ಹೋಗಿದ್ರು. ಕಾರ್ಯದರ್ಶಿಗಳು ಬಂದ್ರು, ಭಾನುವಾರದ ಓಟಕ್ಕೆ ನಂಬರಿನ ಚೀಟಿ ಅಂಟಿಸಬೇಕು ಅಂತ. ದೊಡ್ಡ ಮನುಷ್ಯರು, ಇಲ್ಲ ಅನ್ನೋದು ಹೇಗೆ?"

"ಎಷ್ಟು ಹೊತ್ತಿದ್ದ?"

"ಒಂದು ಗಂಟೆ."

"ಹೋಗುವಾಗ?"

"ಕೈ ತೊಳೆಯೋಕೆ ಸೋಪು ಕೇಳಿದ್ರು. ಎರಡು ಸಲ ತೊಳೆದ್ರು. ಚಹಾ ಬೇರೆ ಮಾಡಿಕೊಟ್ಟೆ ನಾನು! ಅವರ ಬಿಳಿ ಕಾರು ಎರಡು ತಿಂಗಳಿಂದ ಕೆಮ್ಮುತ್ತಿತ್ತು ಅಂತ ಸಭೇಲಿ ಯಾರೋ ಅಂದದ್ದು ಈಗ ನೆನಪಾಗ್ತಿದೆ."

ಗುರುವಾರ ಬೆಳಿಗ್ಗೆ ಹತ್ತಕ್ಕೆ ಸಂಘದ ಬಾಗಿಲಲ್ಲಿ ಫಲಕ ಏರಬೇಕಿತ್ತು. ಮೊಳೆ, ಸುತ್ತಿಗೆ, ಮೇಷ್ಟ್ರ ನಗುಮುಖದ ಫೋಟೋ, ಎಲ್ಲ ಸಿದ್ಧ. ಇನ್‌ಸ್ಪೆಕ್ಟರು ಬಂದದ್ದು ಕಾರ್ಯದರ್ಶಿಗಳಿಗೆ ಗೌರವವೆಂದೇ ತೋರಿತು. ಅವರ ಹಿಂದೆ ಗ್ಯಾರೇಜಿನ ಯಜಮಾನ, ಕೈಯಲ್ಲಿ ಜಾಕಿ. ಕೊನೆಗೆ ಇಬ್ಬರು ಹೆಂಗಸರು.

"ಫಲಕ ಸ್ವಲ್ಪ ತಡೀರಿ," ಎಂದರು ಅತ್ತಿಗೆ. "ಮೊದಲು ನಿಮ್ಮ ಬಿಳಿ ಕಾರು ಎತ್ತಿ ಅಡಿ ನೋಡಬೇಕು."

"ಅಮ್ಮಾ, ನಿಮಗೆ ಎಂಜಿನ್ ಅರ್ಥ ಆಗುತ್ತಾ?"

"ಎಂಜಿನ್ ಅರ್ಥ ಆಗಲ್ಲಪ್ಪ. ದಾರ ಅರ್ಥ ಆಗುತ್ತೆ."

ಕಾರ್ಯದರ್ಶಿಗಳ ಮುಖದ ಇಸ್ತ್ರಿ ಮುದುಡಿತು. ಇನ್‌ಸ್ಪೆಕ್ಟರು ಕೈ ಚಾಚಿದರು. ಕೀಲಿ ಕೊಡದೆ ವಿಧಿಯಿರಲಿಲ್ಲ.

ಯಜಮಾನ ಕಾರೆತ್ತಿ ಅಡಿಗೆ ನುಸುಳಿದ. "ನಮ್ಮ ಮೇಷ್ಟ್ರ ಕಾರಿನ ಮಾದರಿಯೇ. ಈ ಊರಲ್ಲಿ ಇರೋದು ಈ ಎರಡೇ," ಎಂದು ಅಡಿಯಿಂದಲೇ ಹೇಳಿದ. ಐದು ನಿಮಿಷಕ್ಕೆ ಹೊರಬಂದು ಅಂಗೈ ಬಿಚ್ಚಿದ. ಹಸಿರು ಬಳೆ. ಹೊಚ್ಚ ಹೊಸದು.

"ನಾನು ತರಿಸಿಕೊಂಡದ್ದು!" ಎಂದರು ಕಾರ್ಯದರ್ಶಿ. "ಹಸಿರು ಬಳೆ ಎಲ್ಲ ಹೊಸದಕ್ಕೂ ಇರುತ್ತೆ."

"ಇರುತ್ತೆ," ಎಂದರು ಅತ್ತಿಗೆ. "ಪಾರ್ಸೆಲ್ ಕಳುವಾದರೆ ಎಲ್ಲರೂ ಒಳಗಿನ ಸಾಮಾನು ಹುಡುಕ್ತಾರೆ. ನಾನು ಕಟ್ಟು ನೋಡ್ತಿದ್ದೆ. ಸಾಮಾನಿಗೆ ಹೆಸರಿರಲ್ಲ, ಕಟ್ಟಿದವನ ಕೈಗೆ ಹೆಸರಿರುತ್ತೆ. ನನ್ನ ತಮ್ಮ ಜನ್ಮದಲ್ಲಿ ಪ್ಲಾಸ್ಟಿಕ್ ಪಟ್ಟಿ ಬಳಸಿದವನಲ್ಲ. ಅವನ ಕಾರಲ್ಲಿ ಅದು ಕಂಡಾಗಲೇ ಬೇರೆ ಕೈ ಆಡಿದೆ ಅಂತ ತಿಳೀತು. ನೀವು ಪಟ್ಟಿಯ ಜಾಗದಲ್ಲಿದ್ದ ಅವನ ನೂಲು ಕತ್ತರಿಸಿ, ಹೊಸ ಸೆನ್ಸರ್ ಕಿತ್ತು, ನಿಮ್ಮ ಕೆಮ್ಮಿನ ಕಾರಿನದನ್ನ ಅಲ್ಲಿ ಕೂರಿಸಿದ್ರಿ. ಕಾಗದದ ಚೀಟಿ ಅಂಟಿಸಿದವರಿಗೆ ಎರಡು ಸಲ ಸೋಪು ಯಾಕೆ ಬೇಕಾಯ್ತು? ಈಗ ಆ ಸೆನ್ಸರಿನ ಬಾಲ ನೋಡಿ. ವೈರಿನ ಕೊನೇಲಿ ಕಪ್ಪಗೆ ಇನ್ನೊಂದು ಸುತ್ತು ಇದೆಯಲ್ಲ? ಕಂಪನಿಯದೇ ಇರಬೇಕು ಅಂತ ಬಿಟ್ಟಿರಿ."

ಮೇಷ್ಟ್ರ ಹೆಂಡತಿ ಮುಂದೆ ಬಂದು ಸೆರಗಿನಿಂದ ಅದನ್ನು ಒರೆಸಿದಳು. ಎಣ್ಣೆಯ ಕಪ್ಪಿನಡಿಯಿಂದ ಕೆಂಪು ನೂಲು ಇಣುಕಿತು. ಎಡಕ್ಕೆ ಎರಡು ಸುತ್ತು, ತುದಿಯನ್ನು ಒಳಗೆ ನೂಕಿದ ಗಂಟು.

"ಇದು ಅವರ ಗಂಟು. ನಮ್ಮಪ್ಪ ನನಗೆ ಕಲಿಸಿದ್ದು. ಮದುವೆಯಾದ ವರ್ಷ ನಾನು ಅವರಿಗೆ ಕಲಿಸಿದ್ದು."

ಕಾರ್ಯದರ್ಶಿ ಕೈ ಮುಗಿದರು.

"ಒಂದು ಭಾನುವಾರದ ಮಟ್ಟಿಗೆ! ಓಟದಲ್ಲಿ ಅವರ ಕಾರು ನಿಂತರೆ ನಿಲ್ಲಲಿ, ಸೋಮವಾರ ವಾಪಸ್ ಹಾಕೋಣ ಅಂತಿದ್ದೆ. ಶನಿವಾರ ಕಾರು ತೆಗೀತಾರೆ ಅಂತ ನನಗೇನು ಗೊತ್ತು?"

"ಗೊತ್ತಿರಲಿಲ್ಲ, ಸರಿ," ಎಂದಳು ಮೇಷ್ಟ್ರ ಹೆಂಡತಿ. "ಶನಿವಾರ ಮಧ್ಯಾಹ್ನ ಗೊತ್ತಾಯ್ತಲ್ಲ? ಭಾನುವಾರ ಅದೇ ಸೆನ್ಸರ್ ಹಾಕಿಕೊಂಡು ಓಡಿಸಿ ಗೆದ್ದಿರಲ್ಲ? ಮಂಗಳವಾರ ಹಾರ ಹಾಕಿ, 'ಬಲ್ಲವರ ಕೈಗೆ ಕೊಡಿ' ಅಂತ ನನ್ನ ಗಂಡನಿಗೆ ಬುದ್ಧಿ ಹೇಳಿದಿರಲ್ಲ? ಬಲ್ಲವರು ಅವರೇ ಆಗಿದ್ರು! ಅವರು ಸರಿಯಾಗಿ ಹಾಕಿದ್ದಕ್ಕೇ ನಿಮಗೆ ಬಹುಮಾನ ಬಂತು!"

ಇನ್‌ಸ್ಪೆಕ್ಟರು ಕಾರ್ಯದರ್ಶಿಯ ತೋಳು ಹಿಡಿದರು. "ವರದಿ ನಾನೇ ತಿದ್ದಿ ಬರೀತೀನಮ್ಮ," ಎಂದರು ಆಕೆಗೆ. "ಮೊದಲೇ ನಿಮ್ಮ ಮಾತು ಕೇಳಬೇಕಿತ್ತು."

ಗ್ಯಾರೇಜಿನ ಯಜಮಾನ ಫಲಕದಿಂದ ಫೋಟೋ ಬಿಡಿಸಿ, ಗಾಜು ಒರೆಸಿ, ಆಕೆಯ ಕೈಗಿತ್ತ.

ಮಧ್ಯಾಹ್ನ ಮನೆಗೆ ಬಂದು ಆಕೆ ಫೋಟೋವನ್ನು ಬೈಂಡಿಂಗ್ ಮೇಜಿನ ಎದುರಿಗಿಟ್ಟಳು. ಶನಿವಾರದಿಂದ ದಬ್ಬಣ ಚುಚ್ಚಿದಂತೆಯೇ ಇದ್ದ ನಿಘಂಟನ್ನು ಎಳೆದುಕೊಂಡಳು. ಕೀಲಿ ಕೊಟ್ಟ ಕೈ ಇದೇ ಎಂಬ ನೋವು ಹೋಗಿರಲಿಲ್ಲ, ಹೋಗುವಂಥದೂ ಅಲ್ಲ. ಅತ್ತಿಗೆ ಪಕ್ಕದಲ್ಲಿ ಕೂತು ನೂಲಿಗೆ ಮೇಣ ಹಚ್ಚಿಕೊಟ್ಟರು. ಕೊನೆಯ ಹೊಲಿಗೆ ಬಿದ್ದ ಮೇಲೆ ಆಕೆ ಎಡಕ್ಕೆ ಎರಡು ಸುತ್ತು ಸುತ್ತಿ, ತುದಿಯನ್ನು ಒಳಗೆ ನೂಕಿ, ಕೈ ಜೋಡಿಸಿದಳು.

"ದೇವರೇ, ಆ ಏರಿನಲ್ಲಿ ಎಂಜಿನ್ ನಿಂತಾಗ, 'ನಾನೇ ಎಲ್ಲೋ ತಪ್ಪಿದೆ' ಎಂದುಕೊಂಡೇ ಅವರು ಕಣ್ಣು ಮುಚ್ಚಿರಬೇಕು. ಅವರ ಸ್ವಭಾವ ನಿನಗೆ ಗೊತ್ತು. ತಪ್ಪು ಅವರದಲ್ಲವೆಂದು ನೀನೇ ಅವರಿಗೆ ಹೇಳು. ಹೇಳಿ, ಅವರ ಆತ್ಮಕ್ಕೆ ಶಾಂತಿ ಕೊಡು."