ಆರಲೆಂದು ಇಟ್ಟ ಚಹಾ

"ಬರೋರು ಹೋಗೋರ ಎದುರು ಹಿಂಗ ಉಗುಳೋದು ಚಂದ ಕಾಣತೈತೇನ್ರಿ?"

ಸುಕನ್ಯಾ ಪಂಪಾಪತಿಯೊಂದಿಗೆ ಆಡಿದ ಮೊದಲ ಮಾತೇ ಇದು.

ತುರ್ವಿಹಾಳದಲ್ಲಿ ಶಾಲೆ ಮುಗಿಸಿ, ಮಸ್ಕಿಯ ಮನೆಗೆ ಹೋಗಲು ಸಿಂಧನೂರಿನಲ್ಲಿ ಬಸ್ಸು ಬದಲಿಸುವವಳು ಅವಳು. ಚಹಾಪುಡಿ ಕೊಳ್ಳೋಣವೆಂದು ಬಸ್ ಸ್ಟ್ಯಾಂಡಿನ ಎದುರಿನ ಅಂಗಡಿ ಹತ್ತಿದರೆ, ಅಂಗಡಿಯ ಪಂಪಾಪತಿ ಚಮಚದಿಂದ ಸೊರ್ ಎಂದು ಚಹಾ ಎಳೆದು, ಬಾಯೊಳಗೆಲ್ಲ ಆಡಿಸಿ ಡಬ್ಬಿಗೆ ಉಗುಳುತ್ತಿದ್ದಾನೆ. ದಿನವಿಡೀ ಮಕ್ಕಳಿಗೆ ಶಿಸ್ತು ಹೇಳಿ ಬಂದವಳಿಗೆ ಮೈ ಉರಿಯದೆ ಇರುತ್ತದೆಯೇ?

"ರುಚಿ ನೋಡಾಕತ್ತೀನ್ರಿ ಟೀಚರ್," ಎಂದು ಅವನು ನಾಚಿದ. "ಎಲ್ಲಾ ನುಂಗಿದ್ರ ನಿದ್ದಿ ಬರಂಗಿಲ್ಲ."

"ಚಾ ಅಂದ್ರ ಚಾ. ಅದರಾಗ ನೋಡೋದೇನೈತಿ?"

ಅವನು ವಾದ ಮಾಡಲಿಲ್ಲ. ಹಾಲು, ಸಕ್ಕರೆ ಯಾವುದೂ ಇಲ್ಲದೆ ನಾಲ್ಕು ಬಗೆಯ ಎಲೆಯನ್ನಷ್ಟೇ ಒಂದೊಂದಾಗಿ ಬಿಸಿನೀರಿಗೆ ಹಾಕಿ ಸೋಸಿಕೊಟ್ಟ.

ಅಸ್ಸಾಮಿನದು ನಾಲಿಗೆಯನ್ನೇ ಹಿಡಿದುಕೊಂಡಿತು. "ತಳ ಹತ್ತಿದ ಬೆಲ್ಲದ ಪಾಕ ಇದ್ದಂಗೈತಿ," ಎಂದಳು. ನೀಲಗಿರಿಯದರಲ್ಲಿ ಲಿಂಬೆ ಸಿಪ್ಪೆಯ ಘಮ. ಹಸಿರು ಎಲೆಯದು ಕಾಲುವೆ ನೀರು ಬಿಟ್ಟ ಗದ್ದೆಯ ಹುಲ್ಲಿನ ವಾಸನೆ, ಮುಖ ಕಿವುಚಿದಳು. ಡಾರ್ಜಿಲಿಂಗಿನದು ಬರೀ ಬಿಸಿನೀರೆಂದು ಕಪ್ ಕೆಳಗಿಟ್ಟಳು. ಬಸ್ಸು ಹತ್ತಿ ಕೂತ ಮೇಲೆ ಬಾಯೊಳಗೆ ಅದರದೇ ಒಣದ್ರಾಕ್ಷಿಯಂಥ ಸಿಹಿ ಬಂದು ನಿಂತಿತು. ಮಸ್ಕಿ ಬಂದರೂ ಹೋಗಲಿಲ್ಲ.

ಆಮೇಲೆ ಕೇಳುವುದೇನು? ಪುಡಿ ತೀರಿರಲಿ ಬಿಡಲಿ, ಶನಿವಾರ ಬಂತೆಂದರೆ ಅಂಗಡಿಯಲ್ಲಿ ಟೀಚರಮ್ಮ ಹಾಜರು.

"ಮನಸಿಗೆ ಬರದ ಎಲಿ ಹೆಂಗ ಗೊತ್ತಾಗತೈತ್ರಿ ನಿಮಗ?" ಎಂದು ಒಮ್ಮೆ ಕೇಳಿದ್ದಳು.

"ಒಂದು ಗುಟುಕಿಗೇ ಕೆಳಗ ಇಟ್ಟುಬಿಡ್ತೀನ್ರಿ."

ಅವನು ಹೇಳಿದ್ದು ಅಷ್ಟೇ. ಹೇಳಬೇಕಾದದ್ದು ಇನ್ನೂ ಇತ್ತು... ಅಷ್ಟರಲ್ಲಿ ಅವಳ ಬಸ್ಸು ಬಂತು.

ಬೇಸಿಗೆಯಲ್ಲಿ ಪಂಪಾಪತಿ ತನ್ನ ಸೋದರಮಾವನನ್ನು ಕರೆದುಕೊಂಡು ಹೆಣ್ಣು ನೋಡಲು ಮಸ್ಕಿಗೆ, ಸುಕನ್ಯಾಳ ಮನೆಗೆ ಬಂದ. ಸುಕನ್ಯಾಳ ಕಡೆಯ ಮನೆತನಗಳಲ್ಲಿ ಹುಡುಗನನ್ನು ಬಾಯಿಬಿಟ್ಟು ಕೇಳುವ ಪದ್ಧತಿಯಿಲ್ಲ. ಹುಡುಗಿ ತಂದ ಚಹಾ ಪೂರಾ ಕುಡಿದರೆ ಒಪ್ಪಿಗೆ. ಬಿಟ್ಟು ಎದ್ದರೆ ಸಂಬಂಧ ಬೇಡವೆಂದು ಅರ್ಥ. ಯಾರೂ ಯಾರಿಗೂ ಕೆಟ್ಟವರಾಗುವುದು ಬೇಡ ಎಂದು ಹಿರಿಯರು ಮಾಡಿಕೊಂಡ ಉಪಾಯ. ಒಳ್ಳೆಯ ಉಪಾಯವೇ, ಮಾರಾಯರೇ!

ಸುಕನ್ಯಾ ಡಾರ್ಜಿಲಿಂಗ್ ಎಲೆಯನ್ನೇ ಹಾಕಿದಳು. ಕಪ್ ಕೊಟ್ಟು ಒಳಗೆ ಹೋಗಿ ಬಾಗಿಲ ಹಿಂದೆ ನಿಂತಳು.

ಸ್ವಲ್ಪ ಹೊತ್ತಿಗೆ ದೊಡ್ಡವ್ವ ಗದ್ದೆಮ್ಮ ತಟ್ಟೆ ಹಿಡಿದು ಒಳಬಂದಳು. "ಒಂದ ಗುಟುಕು ಕುಡದು ಹಂಗ ಇಟ್ಟಾನವ್ವ. ನಿಮ್ಮಪ್ಪ ಎದ್ದು ಕೈ ಮುಗದುಬಿಟ್ಟ. ಹೋದ್ರು ಅವರು."

ಒಂದೇ ಗುಟುಕು... ಮನಸಿಗೆ ಬರದ ಎಲೆ!

ಅವಳು ಅಳಲಿಲ್ಲ. ಆ ಚಹಾವನ್ನು ಬಚ್ಚಲಿಗೆ ಚೆಲ್ಲಿ ಕಪ್ ತೊಳೆದಿಟ್ಟಳು. ಮರುವಾರದಿಂದ ಅಂಗಡಿಯ ಕಡೆ ತಲೆಯೆತ್ತಿಯೂ ನೋಡಲಿಲ್ಲ.

ತಂದೆ ವಿರೂಪಾಕ್ಷಪ್ಪ ಸುಮ್ಮನೆ ಕೂರುವವರಲ್ಲ. ಲಿಂಗಸುಗೂರಿನ ಒಂದೇ ಮನೆಯ ಅಣ್ಣತಮ್ಮಂದಿರಿಗೆ ಸುಕನ್ಯಾಳನ್ನೂ ಅವಳ ತಂಗಿಯನ್ನೂ ನಿಶ್ಚಯ ಮಾಡಿದರು. ಒಂದೇ ಹಂದರ, ಒಂದೇ ಮುಹೂರ್ತ. ತಂಗಿಗೆ ತನ್ನ ಹುಡುಗನೆಂದರೆ ಜೀವ. ಫೋನು ಕಿವಿಯಿಂದ ಇಳಿಯುತ್ತಿರಲಿಲ್ಲ.

ಮದುವೆ ರಜೆಗೆ ಮುಂಚಿನ ಕೊನೆಯ ದಿನ ಸುಕನ್ಯಾಳ ಕಾಲು ತಾನಾಗಿ ಅಂಗಡಿಗೆ ಬಂತು. ಒಂದು ಮಾತು ಕೇಳದೆ ಹೋದರೆ ಜನ್ಮವೆಲ್ಲ ಕೊರೆಯುತ್ತದೆ ಎನ್ನಿಸಿತ್ತು.

"ಬ್ಯಾಡಾಗಿದ್ರ ಮನಿತನಕ ಯಾಕ ಬಂದ್ರಿ?"

ಪಂಪಾಪತಿ ಕೈಯಲ್ಲಿದ್ದ ಡಬ್ಬಿ ಕೆಳಗಿಟ್ಟ. "ಯಾರು ಬ್ಯಾಡ ಅಂದಾರ್ರಿ?"

"ಚಾ ಬಿಟ್ಟು ಎದ್ರಿ."

"ಬಿಡಲಿಲ್ಲ ಟೀಚರ್. ಆರಲಿ ಅಂತ ಇಟ್ಟಿದ್ದೆ. ಬರೇ ಚಲೋ ಇರೋ ಎಲಿ ಇದ್ರ ಬಿಸೀದ ನೋಡಿ ಮುಗಸ್ತೀವಿ. ಭಾಳ ಚಲೋ ಇದ್ರ ಆರಿಸಿ ಇನ್ನೊಮ್ಮೆ ನೋಡ್ತೀವ್ರಿ. ಆರಿದ ಮ್ಯಾಲೆನೂ ರುಚಿ ನಿಲ್ಲತೈತೇನಂತ. ನಿಮ್ಮ ಪದ್ಧತಿ ನನಗೂ ಗೊತ್ತಿತ್ತು. ಬಾಯಿಗೆ ಹತ್ತಿದ ಮ್ಯಾಲೆ ಎಲ್ಲಾ ಮರತುಬಿಟ್ಟೆ. ಕಣ್ಣು ಮುಚ್ಚಿ ತೆಗೆಯೋದ್ರಾಗ ಕಪ್ಪೂ ಇಲ್ಲ, ನಿಮ್ಮಪ್ಪಾಜಿ ಕೈ ಮುಗದು ನಿಂತಾರ."

"ಹೇಳಬೇಕಿತ್ತು..."

"ಮಾವನ ಕಾಲು ಹಿಡದು ಕೇಳಕೊಂಡೆ. ಬಿಟ್ಟ ಮನಿಗೆ ತಿರುಗಿ ಹೋದ್ರ ಹೆಣ್ಣಿನವರಿಗೆ ಅವಮಾನ ಅಂದ. ನಿಮ್ಮ ಬಸ್ಸಿನ ಹತ್ರನೂ ಬಂದೆ. ನೀವು ಮುಖ ತಿರುವಿದ್ರಿ."

ಹೌದು, ತಿರುವಿದ್ದಳು. ಕಿಟಕಿಯ ಹೊರಗೆ ಅವನು ನಿಂತದ್ದು ಗೊತ್ತಿದ್ದೇ ತಿರುವಿದ್ದಳು. 'ಒಂದು ಸಲ ನೋಡಿದ್ದರೆ ಸಾಕಿತ್ತಲ್ಲ, ಸುಕನ್ಯಾ...'

"ಈಗ ಬರ್ಲೇನ್ರಿ ನಿಮ್ಮ ಮನಿಗೆ? ಎಲ್ಲಾರ ಎದುರು ಹೇಳ್ತೀನಿ."

ಅವಳಿಗೆ ತಂಗಿಯ ನಗುಮುಖ ಕಣ್ಣೆದುರು ಬಂತು. ತಾನು ಒಲ್ಲೆನೆಂದರೆ ಆ ಮನೆಯವರು ತಂಗಿಯನ್ನೂ ಬಿಡುತ್ತಾರೆ. ಹಂದರ ಆಗಲೇ ಏಳುತ್ತಿತ್ತು.

"ಬ್ಯಾಡ್ರಿ. ಒಂದ ಹಂದರದಾಗ ನಂದೂ ತಂಗೀದೂ ಮದುವಿ ಐತಿ, ನನ್ನ ಸಲುವಾಗಿ ಆಕಿ ಬಾಳು ಕೆಡಬಾರದು."

ಅವನು ತಲೆ ತಗ್ಗಿಸಿದ. ಒತ್ತಾಯ ಮಾಡಲಿಲ್ಲ. ಒತ್ತಾಯ ಮಾಡಿದ್ದರೆ ಅವಳು ನಿಲ್ಲುತ್ತಿದ್ದಳೋ ಏನೋ, ಅದು ಅವಳಿಗೂ ಗೊತ್ತಿಲ್ಲ.

ಹೊರಗೆ ಮಸ್ಕಿಯ ಬಸ್ಸಿನ ಕಂಡಕ್ಟರ್ ಕೂಗುತ್ತಿದ್ದ. ಸುಕನ್ಯಾ ಮೆಟ್ಟಿಲಿಳಿದವಳು ಹಿಂತಿರುಗಿ ನಿಂತಳು. ಕಣ್ಣು ತುಂಬಿತ್ತು.

"ಒಂದ ಮಾತು ಕೇಳ್ತೀನಿ. ನನ್ನ ಮ್ಯಾಲೆ ಮನಸು ಇತ್ತೇನ್ರಿ?"

"ಐತ್ರಿ."

"ನನಗೂ ಐತಿ," ಎಂದಳು. "ಹೋಗ್ತೀನಿ."

"ಹ್ಞೂಂ... ರೋಡು ದಾಟುವಾಗ ಲಾರಿ ನೋಡಿಕೊಂಡು ಹೋಗ್ರಿ."